ಬಾಗಿಲು ಕುಡಿದ ಎಣ್ಣೆ

ಬೆಳಿಗ್ಗೆ ಆರು ಗಂಟೆಗೆ ನಾನು ಫ್ರಿಜ್ಜಿನ ಬಾಗಿಲು ತೆಗೆಯುತ್ತೇನೆ. ಐದೂಮುಕ್ಕಾಲಿಗಲ್ಲ, ಆರೂಕಾಲಿಗೂ ಅಲ್ಲ. ಕೆಳಗಿನ ಅಂತಸ್ತಿನಲ್ಲಿ, ಮೊಸರಿನ ಪಾತ್ರೆಯ ಎಡಕ್ಕೆ ಕಂದು ಬಣ್ಣದ ಒಂದು ಬಾಟಲಿ ಇದೆ. ಮುಚ್ಚಳ ತಿರುಗಿಸಿ ಒಂದು ಚಮಚ ಅಳೆದುಕೊಂಡು, ಬಾಟಲಿಯನ್ನು ಅದೇ ಜಾಗದಲ್ಲಿಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಒಂದು ಸಣ್ಣ ಗೀಟು ಎಳೆಯುತ್ತೇನೆ. ಹೊನ್ನಾವರದ ಆಸ್ಪತ್ರೆಯಲ್ಲಿ ನರ್ಸಾಗಿ ಒಂದು ಆಯುಷ್ಯವಿಡೀ ಜ್ವರದ ಚಾರ್ಟು ಬರೆದ ಕೈ ಇದು. ಗೀಟು ಎಳೆಯದಿದ್ದರೆ ಔಷಧಿ ಹೊಟ್ಟೆಗೆ ಹೋಯಿತೆಂದು ನನಗೆ ನಂಬಿಕೆ ಬರುವುದಿಲ್ಲ.

ಬಾಟಲಿ ತಂದುಕೊಟ್ಟವಳು ನನ್ನ ತಮ್ಮನ ಮಗಳು ಪಲ್ಲವಿ. ಭಟ್ಕಳದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾಳೆ. ಕನ್ನಡ, ಕೊಂಕಣಿ, ನವಾಯತಿ ಮೂರರಲ್ಲೂ ಗಿರಾಕಿಗೆ ಬುದ್ಧಿ ಹೇಳಬಲ್ಲಳು. ಬುದ್ಧಿ ಹೇಳುವ ಗುಣ ಅವಳಿಗೆ ನನ್ನಿಂದ ಬಂದದ್ದು ಎಂದು ಮನೆಯವರು ಹೇಳುತ್ತಾರೆ. ಹೊಗಳಿಕೆಯೋ ದೂರೋ ನಾನು ಕೇಳಲು ಹೋಗಿಲ್ಲ.

"ಅತ್ತೆ, ಇದು ಅಗಸೆ ಎಣ್ಣೆ. ದಿನಾ ಒಂದು ಚಮಚ. ಮೊಸರಿಗೆ ಹಾಕ್ಕಂಡ್ರೂ ಆತು, ಅನ್ನಕ್ಕೆ ಹಾಕ್ಕಂಡ್ರೂ ಆತು. ಒಗ್ಗರಣೆಗೆ ಮಾತ್ರ ಬೇಡ."

"ಎಂತಕ್ಕೆ ಇದು?"

"ಹಲ್ಲು ಕಟ್ಟಿಸ್ಕಂಡ ಮೇಲೆ ನೀವು ಮುಳ್ಳಿನ ಮೀನು ಬಿಟ್ರಲ್ಲ. ತಾರ್ಲೆಲಿ ಸಿಗೂದು ಸ್ವಲ್ಪ ಇದ್ರಲ್ಲೂ ಸಿಕ್ತದೆ. ಹೃದಯಕ್ಕೆ ಒಳ್ಳೇದು ಅಂತಾರೆ. ಕೀಲಿಗೂ ಒಳ್ಳೇದಿರ್ಬಹುದು, ಖಂಡಿತ ಹೇಳೂಕಾಗೂದಿಲ್ಲ."

"ಹೇಳೂಕಾಗದಿದ್ದದ್ದನ್ನ ಎಂತಕ್ಕೆ ಮಾರ್ತೆ?"

"ನಿಮ್ಗೆ ಮಾರ್ಲಿಲ್ಲ ಅತ್ತೆ, ಪುಕ್ಕಟೆ ಕೊಟ್ಟೆ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಮೀನಿನಲ್ಲಿರುವ ಒಮೆಗಾ ಕೊಬ್ಬಿನ ಸೋದರಸಂಬಂಧಿ ಒಂದು ಅಗಸೆಯಲ್ಲಿದೆ. ನಮ್ಮ ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಮೀನಿನದಾಗಿ ಪರಿವರ್ತಿಸಿಕೊಳ್ಳುತ್ತದೆ. ವಾರಕ್ಕೆರಡು ಸಲ ತಾರ್ಲೆಯೋ ಬಂಗುಡೆಯೋ ತಿನ್ನುವ ಕರಾವಳಿಯವರಿಗೆ ಇದರ ಅಗತ್ಯ ಅಷ್ಟಿಲ್ಲ. ಮೀನು ತಿನ್ನದವರಿಗೆ ಒಳ್ಳೆಯದು. ಮಲಬದ್ಧತೆಗೆ ಎಂದು ಕುಡಿಯುವವರಿದ್ದಾರೆ. ಆದರೆ ನಾರು ಇರುವುದು ಬೀಜದಲ್ಲಿ, ಎಣ್ಣೆಯಲ್ಲಲ್ಲ. ಹೊಟ್ಟೆಗಾದರೆ ಬೀಜವನ್ನು ಹುರಿದು ಪುಡಿ ಮಾಡಿ ತಿಂದು, ಮೇಲೆ ಸಾಕಷ್ಟು ನೀರು ಕುಡಿಯುವುದೇ ಮೇಲು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಯಾವ ಮಾತ್ರೆಯ ಬದಲಿಗೂ ಇದು ಅಲ್ಲ. ಬೆಳಕು, ಗಾಳಿ, ಬಿಸಿ ಮೂರೂ ಇದಕ್ಕೆ ಆಗದು. ಬಲುಬೇಗ ಕನರುತ್ತದೆ, ಆದ್ದರಿಂದಲೇ ಕಂದು ಬಾಟಲಿ, ಆದ್ದರಿಂದಲೇ ಫ್ರಿಜ್ಜು. ಇಷ್ಟನ್ನೂ ನಾನು ನೆರೆಮನೆಯವರಿಗೆ ಒಂದೇ ಉಸಿರಿನಲ್ಲಿ ಹೇಳಬಲ್ಲೆ, ಹೇಳಿದ್ದೇನೆ ಕೂಡ.

ಹೇಳಲಾಗದ ಸಂಗತಿ ಬೇರೆ ಇತ್ತು. ಮೊದಲ ದಿನ ಮುಚ್ಚಳ ತೆಗೆದಾಗ ಮೂಗಿಗೆ ಬಂದದ್ದು ನಮ್ಮ ಮನೆಯ ಮುಂಬಾಗಿಲಿನ ವಾಸನೆ. ಬಾಟಲಿಯನ್ನು ತಿರುಗಿಸಿ ಓದಿದೆ. ಲೇಬಲ್ಲಿನ ಕೊನೆಯ ಸಾಲಿನಲ್ಲಿ "ಬಿಸಿ ಮಾಡಬಾರದು" ಎಂದಿತ್ತು. ಚಮಚ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಆ ದಿನ ಗೀಟು ಎಳೆದಾಗ ಆರೂವರೆ ಆಗಿಹೋಗಿತ್ತು.

ನಮ್ಮ ಕಡೆ ಅಗಸೆ ಎಣ್ಣೆಯನ್ನು ಯಾರೂ ತಿನ್ನುತ್ತಿರಲಿಲ್ಲ ಎಂಬುದನ್ನು ನೀವು ಮೊದಲು ತಿಳಿಯಬೇಕು. ಬಾಯಿಗೆ ಕೊಬ್ಬರಿ ಎಣ್ಣೆ, ತಲೆಗೂ ಅದೇ. ಅಗಸೆ ಎಣ್ಣೆ ಏನಿದ್ದರೂ ಮರಕ್ಕೆ. ಬಾಗಿಲಿಗೆ, ಕಿಟಕಿಗೆ, ದೋಣಿಯ ಹಲಗೆಗೆ. ಅದನ್ನು ಬಣ್ಣದ ಅಂಗಡಿಯಲ್ಲಿ ಸುಣ್ಣ, ಮೊಳೆ, ಉಪ್ಪುಕಾಗದದ ಪಕ್ಕದಲ್ಲಿ ಮಾರುತ್ತಿದ್ದರು. ಬೇಗ ಒಣಗಲೆಂದು ಕಾಸಿ, ಏನೇನೋ ಬೆರೆಸಿ ತಯಾರಿಸಿದ ಎಣ್ಣೆ ಅದು, ಹೊಟ್ಟೆಗೆ ಹೋಗಬಾರದ್ದು. ಬೀಜದಿಂದ ಆಗಷ್ಟೇ ಹಿಂಡಿದ ಊಟದ ಎಣ್ಣೆಯೂ ಅದೇ ಗಿಡದ್ದೆಂಬುದು ನಮಗೆ ತಲೆಗೇ ಹೋಗುತ್ತಿರಲಿಲ್ಲ.

ನಮ್ಮದು ಹೊನ್ನಾವರದ ಪೇಟೆಯ ಹಿಂದಿನ ಬೀದಿಯ ಮನೆ. ದೊಡ್ಡದೇನಲ್ಲ, ಆದರೆ ಹಲಸಿನ ಮರದ ಮುಂಬಾಗಿಲು ಇದೆ. ಸಮುದ್ರದ ಗಾಳಿ ಮರವನ್ನು ತಿನ್ನುತ್ತದೆ. ಮಳೆ ಶುರುವಾದರೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಮೇ ತಿಂಗಳ ಎರಡನೇ ಭಾನುವಾರ ಅದಕ್ಕೆ ಎಣ್ಣೆ. ಇದು ನನ್ನ ಕೆಲಸ. ಅಪ್ಪ ಹೋದ ಮೇಲೆ ಮನೆಯ ವೇಳಾಪಟ್ಟಿ ನನ್ನ ಕೈಗೆ ಬಂತು. ಮದುವೆಯ ಯೋಗ ಕೂಡಿಬರಲಿಲ್ಲ, ನಾನೂ ಅದರ ಬೆನ್ನು ಹತ್ತಲಿಲ್ಲ. ಯಾವ ಡಬ್ಬಿ ಯಾವ ಗೂಡಿನಲ್ಲಿ, ಯಾವ ಬಟ್ಟೆ ಯಾವ ಹಗ್ಗದ ಮೇಲೆ, ಎಲ್ಲ ನಾನು ಇಟ್ಟಲ್ಲೇ ಇರಬೇಕು. ಒಂದು ಕಡೆ ಖಾಲಿ ಇರುವ ಕಾಗದವನ್ನು ಎಸೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಮಡಿಸಿ ಮೇಜಿನ ಖಾನೆಗೆ. ದಾರ ಸಿಕ್ಕಿದರೆ ಉಂಡೆಗೆ ಸುತ್ತುವುದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬಾರದು, ತನ್ನಷ್ಟಕ್ಕೇ ಕಾವು ಏರಿ ಬೆಂಕಿ ಹತ್ತುತ್ತದೆ ಎಂದು ಬಡಗಿ ದೇವು ಆಚಾರಿ ಒಮ್ಮೆ ಹೇಳಿದ್ದ. ಅಂದಿನಿಂದ ಆ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಬೇಲಿಯ ಮೇಲೆ ಹರವುತ್ತಿದ್ದೆ. ಇಂಥವಳನ್ನು ಊರವರು ಶಿಸ್ತಿನವಳು ಎನ್ನುತ್ತಾರೆ. ಜೊತೆಗೆ ಬದುಕುವವರು ಏನೆನ್ನುತ್ತಾರೆ ಎಂದು ನಾನು ಕೇಳಿಕೊಂಡದ್ದು ತೀರ ಈಚೆಗೆ.

ತಮ್ಮನಿಗೆ ನವಲಗುಂದದ ಕಡೆ ನೌಕರಿ. ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ, ವರ್ಷದೊಳಗೆ ವರ್ಗ ಮಾಡಿಸಿಕೊಂಡು ಊರಿಗೆ ಬಂದ. ಶಕುಂತಲೆ ಎಂದು ಅವಳ ಹೆಸರು. ಅವರ ಮನೆಯಲ್ಲಿ ಶಕ್ಕು. ಬಂದ ಮೊದಲ ವಾರ ನಮ್ಮ ಕುಚ್ಚಲಕ್ಕಿಯ ಅನ್ನ ನೋಡಿ ಗಾಬರಿಯಾದಳು, ನಾವು ಅವಳ ಮಾತು ಕೇಳಿ ಗಾಬರಿಯಾದೆವು. ಒಂದು ಮಧ್ಯಾಹ್ನ ಅವಳು, "ಅತ್ತಿ, ಊಟಕ್ಕ ಅಗಸಿ ಹಿಂಡಿ ಹಾಕ್ಲ್ಯಾ?" ಎಂದಾಗ ಅಮ್ಮ ನನ್ನ ಮುಖ ನೋಡಿದಳು. ನಮ್ಮಲ್ಲಿ ಹಿಂಡಿ ಹಾಕುವುದು ದನಕ್ಕೆ.

"ನಾವೆಂತ ಕೊಟ್ಟಿಗೆಲಿ ಉಣ್ತ್ರನೆ?" ಎಂದೆ ನಾನು.

ಅವಳು ನಕ್ಕಳು. ಡಬ್ಬಿ ತೆಗೆದು ತೋರಿಸಿದಳು. ಅಗಸೆಯನ್ನು ಹುರಿದು, ಕೆಂಪು ಖಾರ, ಬೆಳ್ಳುಳ್ಳಿ, ಹುಣಸೆ, ಉಪ್ಪು ಹಾಕಿ ಕುಟ್ಟಿದ ಪುಡಿ. ಅದರ ಮೇಲೆ ಹಸಿ ಎಣ್ಣೆ ಬಿಟ್ಟುಕೊಂಡು ಕಲಸಿ ಉಣ್ಣುವುದು ಅವರ ಕ್ರಮ. ಅಮ್ಮ ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿಕೊಂಡಳು, ಮತ್ತೆ ಚಮಚದಷ್ಟು ತೆಗೆದುಕೊಂಡಳು. ಒಂದು ತಿಂಗಳಲ್ಲಿ ಅಮ್ಮನಿಗೆ ಅದಿಲ್ಲದೆ ಊಟ ಸೇರದಂತಾಯಿತು. "ಶಕ್ಕೂ, ಆ ಹುಡಿ ಒಂಚೂರು ಹಾಕೆ," ಎಂದು ಕರೆಯುತ್ತಿದ್ದಳು. ಎಷ್ಟೋ ವರ್ಷದಿಂದ ಅಮ್ಮನ ಹೊಟ್ಟೆಯ ತೊಂದರೆಗೆ ನಾನು ಆಸ್ಪತ್ರೆಯಿಂದ ಔಷಧಿ ತಂದು ಹೊತ್ತುಹೊತ್ತಿಗೆ ಕೊಡುತ್ತಿದ್ದೆ. ಆ ಪುಡಿ ತಿಂದ ಮೇಲೆ ಔಷಧಿ ಬೇಡವಾಯಿತು. ನರ್ಸಾದವಳು ಸಂತೋಷಪಡಬೇಕಾದ ವಿಷಯ. ನಾನು ಔಷಧಿಯ ಬಾಟಲಿಯನ್ನು ಗೂಡಿನಿಂದ ತೆಗೆಯದೆ ಹಾಗೆಯೇ ಇಟ್ಟೆ, ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದೆ.

ಶಕುಂತಲೆ ತವರಿನಲ್ಲಿ ಹೆತ್ತು, ಕೂಸನ್ನು ಕರೆದುಕೊಂಡು ಬಂದಳು. ಆ ಕೂಸೇ ಪಲ್ಲವಿ. ಅವಳು ಹಿಡಿದುಕೊಂಡು ನಿಲ್ಲಲು ಶುರುಮಾಡಿದ ಮೇ ತಿಂಗಳಲ್ಲಿ ಶಕುಂತಲೆಯ ಅಪ್ಪ ಮೊಮ್ಮಗಳನ್ನು ನೋಡಲು ಬಂದರು. ಒಣಗಿದ ಮೈಯ, ಹೆಚ್ಚು ಮಾತಿಲ್ಲದ ಮನುಷ್ಯ. ಜೋಳದ ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಸಾಲು ಅಗಸೆ ಹಾಕುತ್ತಿದ್ದರಂತೆ; ಹೂ ಬಿಟ್ಟಾಗ ಆ ಸಾಲುಗಳು ನೀಲಿಯಾಗಿ ಕಾಣುತ್ತವೆ ಎಂದು ಶಕುಂತಲೆ ಹೇಳುತ್ತಿದ್ದಳು. ಆ ಸಲದ ಬೀಜವನ್ನು ಗಾಣಕ್ಕೆ ಹಾಕಿಸಿ, ಎಣ್ಣೆಯನ್ನು ಹಿಡಿಕೆಯಿದ್ದ ತಗಡಿನ ಡಬ್ಬಿಯಲ್ಲಿ ತುಂಬಿ, ಗೋಣಿತಟ್ಟು ಸುತ್ತಿ ತಂದಿದ್ದರು. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿಯುವಾಗ ಮೂರು ಸಲ ವಾಂತಿಯಾಯಿತಂತೆ. ಡಬ್ಬಿಯನ್ನು ಮಾತ್ರ ತೊಡೆಯ ಮೇಲಿಂದ ಇಳಿಸಿರಲಿಲ್ಲ.

"ಕೆಳಗಿಟ್ರ ಉರುಳತೈತಿ ಅಂತ," ಎಂದರು ನಾನು ನೀರು ಕೊಟ್ಟಾಗ.

ಎರಡು ದಿನ ಇದ್ದರು. ಮೊಮ್ಮಗಳನ್ನು ಬಂದರಿನ ತನಕ ಎತ್ತಿಕೊಂಡು ಹೋಗಿ ಹೊಳೆ, ಸಮುದ್ರ ನೋಡಿ ಬಂದರು. "ಎಷ್ಟ್ ನೀರ್ರಿ ನಿಮ್ಮ ಊರಾಗ," ಎಂದು ಅಮ್ಮನಿಗೆ ಹೇಳಿದರು. ಮೂರನೇ ದಿನ ಹೊರಟುಹೋದರು.

ಇಲ್ಲಿಂದ ಮುಂದಿನದ್ದು ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಮದುವೆ, ನಾಮಕರಣ, ಹುಟ್ಟುಹಬ್ಬ ಏನೇ ಇರಲಿ, ಊಟವಾಗಿ ವೀಳ್ಯದ ತಟ್ಟೆ ಬಂದ ಮೇಲೆ ಯಾರಾದರೂ ಇದನ್ನು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಚೆನ್ನಾಗಿ ಹೇಳುತ್ತೇನೆ ಎಂದು ಹೆಸರಿತ್ತು.

ಕಥೆ ಹೀಗೆ. ಅದು ಮೇ ಎರಡನೇ ಭಾನುವಾರ. ತಮ್ಮ, ಶಕುಂತಲೆ ಕೂಸನ್ನು ಕರೆದುಕೊಂಡು ಇಡಗುಂಜಿಗೆ ಹೋಗಿದ್ದಾರೆ. ನಾನು ಶಿಸ್ತಿನ ಸಿಪಾಯಿ, ವೇಳಾಪಟ್ಟಿಯಂತೆ ಸೆರಗು ಕಟ್ಟಿ, ಅಡುಗೆಮನೆಯಲ್ಲಿ ಕಂಡ ಎಣ್ಣೆ ಡಬ್ಬಿಯನ್ನು ಬಾಗಿಲಿನದೆಂದೇ ತಿಳಿದು, ಮುಂಬಾಗಿಲು, ಆರು ಕಿಟಕಿ, ಉಳಿದದ್ದನ್ನು ಅಮ್ಮನ ಮಣೆಗೂ ತಿಕ್ಕಿ ಮುಗಿಸಿದ್ದೇನೆ. ಹಸಿ ಎಣ್ಣೆ, ಒಣಗುವುದುಂಟೇ? ಎರಡು ವಾರ ಬಾಗಿಲು ಅಂಟು. ಅಂಚೆಯವನ ಕೈ ಅಂಟಿತು, ಅಮ್ಮನ ಸೀರೆಯ ಬೆನ್ನು ಅಂಟಿತು. ಮಣೆಯ ಮೇಲೆ ಕೂತ ಭಟ್ಟರು ಏಳುವಾಗ ಮಣೆಯೂ ಎದ್ದಿತು. ಕೂಸು ಬಾಗಿಲು ಹಿಡಿದು ನಿಂತು ಅಂಗೈ ನೆಕ್ಕಿತು. ಕೊನೆಗೆ ದೇವು ಆಚಾರಿಯನ್ನು ಕರೆಸಿದೆವು. ಅವನು ಬೆರಳಿಂದ ಮುಟ್ಟಿ ಮೂಸಿ ನೋಡಿದ.

"ಇದು ಹಸಿ ಎಣ್ಣೆ ಸಿಸ್ಟ್ರೆ. ಎಲ್ಲಿ ಸಿಕ್ತು ಇದು?"

"ಡಬ್ಬಿ ಅಡುಗೆಮನೆಲಿತ್ತು ಮಾರಾಯ. ಬಾಗ್ಲಿಂದೇ ಅಂದ್ಕಂಡೆ."

"ಅಡುಗೆಮನೆಲಿ ಬಾಗ್ಲೆಣ್ಣೆ ಯಾರು ಇಡ್ತ್ರು? ಬಿಡಿ, ಬಾಗ್ಲು ಪುಣ್ಯ ಮಾಡಿತ್ತು. ಊಟದೆಣ್ಣೆ ಕುಡೀತು."

ಇಲ್ಲಿಗೆ ಎಲ್ಲರೂ ನಗಬೇಕು, ನಗುತ್ತಿದ್ದರು. ಶಕುಂತಲೆಯೂ ನಗುತ್ತಿದ್ದಳು. ಮೊದಲ ಸಲ, ಆಚಾರಿ ಇದನ್ನು ಹೇಳಿದಾಗ, ಅವಳು ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಅಮ್ಮ ನಕ್ಕಳು, ತಮ್ಮ ಹೆಂಡತಿಯ ಮುಖ ನೋಡಿ ನಕ್ಕ. ಎಲ್ಲರಿಗಿಂತ ಕೊನೆಗೆ ಶಕುಂತಲೆ ನಕ್ಕಳು.

ಆ ವರ್ಷ ಅಗಸೆ ಹೂ ಬಿಡುವ ಮೊದಲೇ ಅವಳ ಅಪ್ಪ ತೀರಿಕೊಂಡರು. ಕಥೆಯಲ್ಲಿ ಈ ಭಾಗವನ್ನು ನಾನು ಸೇರಿಸುತ್ತಿರಲಿಲ್ಲ.

ಸೇರಿಸದ ಇನ್ನೊಂದು ಭಾಗವೂ ಇದೆ. ಆ ಭಾನುವಾರ ಹಿಂದಿನ ಜಗಲಿಯ ಗೂಡಿನಲ್ಲಿ, ಪ್ರತಿ ವರ್ಷ ಇರುವ ಜಾಗದಲ್ಲೇ, ಬಾಗಿಲಿನ ಎಣ್ಣೆ ಇತ್ತು. ನಾಲ್ಕು ದಿನ ಮೊದಲು ನಾನೇ ಅಂಗಡಿಯಿಂದ ತಂದಿಟ್ಟಿದ್ದೆ. ನಾನು ವಸ್ತುಗಳ ಜಾಗ ಮರೆಯುವವಳಲ್ಲ. ಹಿಂದಿನ ದಿನ ಊಟಕ್ಕೆ ಕೂತಾಗ ಅಮ್ಮ ಆ ಹೊಸ ಎಣ್ಣೆ ಬಿಟ್ಟುಕೊಂಡು ಉಂಡು, "ಶಕ್ಕು ಬಂದ ಮೇಲೆ ನನ್ನ ಹೊಟ್ಟೆ ನೆಟ್ಟಗಾತು ನೋಡೆ," ಎಂದಿದ್ದಳು. ಅಷ್ಟೇ ಮಾತು. ಅಮ್ಮನಿಗೆ ಯಾರನ್ನೂ ಚುಚ್ಚುವ ಉದ್ದೇಶವಿರಲಿಲ್ಲ. ಭಾನುವಾರ ಅಡುಗೆಮನೆಗೆ ಹೋದಾಗ ಆ ಡಬ್ಬಿ ನನ್ನ ಕೊಬ್ಬರಿ ಎಣ್ಣೆಯ ಜಾಗದಲ್ಲಿ ಕೂತಿತ್ತು. ನನ್ನ ಡಬ್ಬಿಯನ್ನು ಯಾರೋ ಪಕ್ಕಕ್ಕೆ ಸರಿಸಿದ್ದರು.

ಡಬ್ಬಿಯ ಹಿಡಿಕೆಗೆ ಬಿಳಿಯ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ಪೆನ್ಸಿಲ್ಲಿನಲ್ಲಿ, ಅಪರೂಪಕ್ಕೆ ಬರೆಯುವವರ ದೊಡ್ಡ ಅಕ್ಷರಗಳಲ್ಲಿ ಹೀಗಿತ್ತು: "ಶಕ್ಕೂಗ. ಊಟಕ್ಕ. ಕಾಸಬ್ಯಾಡ."

ಓದಿದೆ. ದಾರ ಬಿಚ್ಚಿ ಉಂಡೆಗೆ ಸುತ್ತಿದೆ. ಚೀಟಿ ಮಡಿಸಿ ಖಾನೆಗೆ ಹಾಕಿದೆ. ಆಮೇಲೆ ಸೆರಗು ಕಟ್ಟಿದೆ. ಮರುದಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಜಗಲಿಯ ಎಣ್ಣೆಯನ್ನು ಬಂದರಿನ ದೋಣಿಯವರಿಗೆ ಕೊಟ್ಟುಬಿಟ್ಟೆ. ಅವರು ಪುಣ್ಯಾತ್ಗಿತ್ತಿ ಎಂದರು.

ಆ ವಾರ ವಾರ್ಡಿನಲ್ಲಿ ಇಬ್ಬರು ಬಾಣಂತಿಯರಿದ್ದರು. ಹೆತ್ತವಳ ಬಾಯಿಯ ತುತ್ತು ಕಿತ್ತುಕೊಳ್ಳಬೇಡಿ, ಅವಳಿಗೆ ಸೇರಿದ್ದನ್ನು ಅವಳೇ ಉಣ್ಣಲಿ ಎಂದು ಅವರ ಅತ್ತೆಯಂದಿರಿಗೆ ಎಂದಿನಂತೆ ತಾಕೀತು ಮಾಡಿದೆ. ನನ್ನ ಧ್ವನಿ ನಡುಗಲಿಲ್ಲ.

ಪಲ್ಲವಿಗೆ ಮೂರು ವರ್ಷವಾದಾಗ ತಮ್ಮ ಕುಮಟೆಗೆ ವರ್ಗ ಮಾಡಿಸಿಕೊಂಡ. ಅಲ್ಲೇ ಹತ್ತಿರದ ಹೊಳನಗದ್ದೆಯಲ್ಲಿ ಸ್ವಂತ ಮನೆ ಕಟ್ಟಿಸಿದ. ಶಾಲೆಗೆ ಹತ್ತಿರ ಎಂದರು. ಹೊನ್ನಾವರದಲ್ಲೂ ಶಾಲೆಗಳಿದ್ದವು. ಅಮ್ಮ ನಾಲ್ಕು ದಿನ ಇದ್ದು ಬರುತ್ತೇನೆಂದು ಹೋದವಳು ಕೊನೆಯವರೆಗೂ ಅಲ್ಲಿಯೇ ಉಳಿದಳು. ನಾನು ಪ್ರತಿ ತಿಂಗಳ ಮೊದಲ ಶನಿವಾರ ಹೋಗಿ ನೋಡಿ, ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದೆ. ಒಂದು ಶನಿವಾರವೂ ತಪ್ಪಿಸಲಿಲ್ಲ ಎಂದು ಬಹಳ ಕಾಲ ಹೆಮ್ಮೆಯಿತ್ತು.

ಬಾಟಲಿ ಬಂದ ಎರಡನೇ ವಾರ, ಶನಿವಾರವೂ ಅಲ್ಲದ ಒಂದು ಬುಧವಾರ, ನಾನು ಕುಮಟೆಯ ಬಸ್ಸು ಹತ್ತಿದೆ. ಅಲ್ಲಿಂದ ರಿಕ್ಷಾ. ತಮ್ಮ ಮನೆಯಲ್ಲಿರಲಿಲ್ಲ. ಶಕುಂತಲೆ ಒಲೆಯ ಮುಂದೆ ಬಾಣಲೆಯಲ್ಲಿ ಅಗಸೆ ಹುರಿಯುತ್ತಿದ್ದಳು. ಬೀಜ ಚಟಪಟ ಸಿಡಿಯುತ್ತಿತ್ತು. ಕೂದಲು ಪೂರ್ತಿ ಬೆಳ್ಳಗಾಗಿದೆ. ಮಾತು ಮಾತ್ರ ಇನ್ನೂ ನವಲಗುಂದದ್ದೇ.

"ಏನ್ ಅಕ್ಕಾರ, ಇವತ್ತ ಬುಧವಾರ. ಕ್ಯಾಲೆಂಡರ್ ಹರಿದೈತೇನು?"

"ನಿನ್ನ ಹತ್ರ ಒಂದು ಮಾತು ಹೇಳೂದಿತ್ತು."

"ಕೂಡ್ರಿ. ಕೈ ಬಿಟ್ರ ಸೀದು ಹೋಗ್ತಾವ. ಅಲ್ಲಿಂದನ ಹೇಳ್ರಿ."

ಅವಳ ಬೆನ್ನಿಗೆ ಹೇಳಿದೆ. "ಆ ಎಣ್ಣೆ. ನಿನ್ನ ಅಪ್ಪ ತಂದದ್ದು. ಅದು ಊಟದ್ದು ಅಂತ ನಂಗೆ ಗೊತ್ತಿತ್ತು ಶಕ್ಕೂ."

ಅವಳು ಸೌಟು ನಿಲ್ಲಿಸಲಿಲ್ಲ. ಬೀಜದ ಸಿಡಿತ ಕಡಿಮೆಯಾದ ಮೇಲೆ ಒಲೆ ಆರಿಸಿ, ಬಾಣಲೆಯನ್ನು ಕೆಳಗಿಳಿಸಿ, ಹರಿವಾಣದಲ್ಲಿ ಹರವಿದಳು.

"ಹೌದ್ರಿ. ನಿಮಗ ಗೊತ್ತಿತ್ತು ಅನ್ನೂದು ನನಗ ಗೊತ್ತೈತಿ."

ಒಳಗೆ ಹೋಗಿ ರೇಷನ್ ಕಾರ್ಡು ಇಡುವ ಪ್ಲಾಸ್ಟಿಕ್ ಚೀಲ ತಂದಳು. ಅದರಿಂದ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟಳು. ಬಿಚ್ಚುವ ಅಗತ್ಯವಿರಲಿಲ್ಲ. ಅಂಚಿಗೆ ಅಂಚು ಕೂಡಿಸಿ ಉಗುರಿನಿಂದ ಗೆರೆ ಎಳೆದು ಮಡಿಸುವುದು ನಾನೊಬ್ಬಳೇ.

"ಆಚಾರಿ ಬಂದು ಹೋದ ಮರುದಿನಾರಿ. ಸಾಮಾನಿನ ಪಟ್ಟಿ ಬರೀಬೇಕು ಅಂತ ಖಾನ್ಯಾಗಿಂದ ಒಂದು ಕಾಗದ ತಗದೆ. ನಮ್ಮಪ್ಪನ ಅಕ್ಷರ."

ನಾನು ಎಸೆದಿದ್ದರೆ ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಎಸೆಯುವ ಅಭ್ಯಾಸ ನನಗಿರಲಿಲ್ಲ.

"ಅಮ್ಮಂಗೆ ಹೇಳಿದ್ಯ?"

"ಅವ್ರು ನೋಡಿದ್ರು. ಏನದು ಅಂತ ಕೇಳಿದ್ರು. ಅವರಿಗೇನ್ ಓದಾಕ ಬರ್ತಿತ್ತ್ರಿ? ಸಕ್ರಿ, ಬ್ಯಾಳಿ ಅಂದೆ."

ಬೀಜದ ಹರಿವಾಣವನ್ನು ಅವಳ ಹತ್ತಿರಕ್ಕೆ ಸರಿಸಿದೆ.

"ಮತ್ತೆ ಇಷ್ಟು ವರ್ಷ ಎಂತಕ್ಕೆ ನಗ್ತಿದ್ದೆ?"

"ನಗಲಾರ್ದ ಏನ್ ಮಾಡ್ಲಿ ಅಕ್ಕಾರ? ಅದ ಮನ್ಯಾಗ ಇರಬೇಕಿತ್ತಲ್ರಿ ನಾನು. ಒಮ್ಮೆ ನಕ್ಕಾಕಿ ಮುಂದಿನ ಸಲ ಹೆಂಗ ಬಿಡಬೇಕು?" ಆಮೇಲೆ ಬೀಜದೊಳಗೆ ಕೈಯಾಡಿಸುತ್ತ, ತನಗೇ ಎಂಬಂತೆ ಹೇಳಿದಳು, "ನಮ್ಮಪ್ಪ ತಂದ ಎಣ್ಣಿ ನಾನು ಎಲ್ಡ ದಿನ ಉಂಡೆ. ಆಮ್ಯಾಲೆ ಆ ಕೂಸು ಬಾಗಲಾ ನೆಕ್ಕಿದ್ದಷ್ಟ."

ಕ್ಷಮಿಸು ಎಂದೆ. ನನ್ನ ಬಾಯಲ್ಲಿ ಆ ಪದ ಬಳಕೆಯಿಲ್ಲದೆ ತುಕ್ಕು ಹಿಡಿದಿತ್ತು. ಎರಡು ಸಲ ಹೇಳಬೇಕಾಯಿತು.

"ನನಗೊಬ್ಬಾಕಿಗೆ ಹೇಳಿದ್ರ ಏನ್ ಬಂತ್ರಿ? ನನಗ ಮೊದಲ ಗೊತ್ತಿತ್ತು. ನಾನು ನಕ್ಕಿದ್ದು ಎಲ್ಲಾರ ಮುಂದ," ಎಂದಳು. ಚೀಟಿಯನ್ನು ಮತ್ತೆ ಚೀಲಕ್ಕೆ ಸೇರಿಸಿ, "ಊಟ ಮಾಡ್ಕೊಂಡ ಹೋಗ್ರಿ," ಎಂದು ತಟ್ಟೆ ಇಟ್ಟಳು.

ಪಲ್ಲವಿಯ ಮಗನ ಮೊದಲ ಹುಟ್ಟುಹಬ್ಬ ಭಟ್ಕಳದಲ್ಲಿ ಅದರ ಮುಂದಿನ ಭಾನುವಾರವೇ ಇತ್ತು. ಊಟವಾಗಿ ಎಲ್ಲರೂ ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಪಲ್ಲವಿ ತನ್ನ ಗಂಡನ ಅಮ್ಮನಿಗೆ, "ನಮ್ಮ ಬಾಗ್ಲಿನ ಕಥೆ ನೀವು ಕೇಳ್ಲಿಲ್ಲ ಅಲ್ದಾ?" ಎಂದು ನನ್ನ ಕಡೆ ತಿರುಗಿ, "ಅತ್ತೆ, ಹೇಳಿ," ಎಂದಳು.

ನಾನು ಹೇಳಿದೆ. ಮೇ ಎರಡನೇ ಭಾನುವಾರದಿಂದಲೇ ಶುರುಮಾಡಿದೆ. ಅಂಚೆಯವನು, ಭಟ್ಟರ ಮಣೆ ಎಲ್ಲ ಬಂದವು, ಎಲ್ಲರೂ ನಕ್ಕರು. ಆಚಾರಿಯ ಮಾತಿಗೆ ಬರುವ ಮೊದಲು ನಿಲ್ಲಿಸಿ, ಬಾಗಿಲಿನ ಎಣ್ಣೆ ಹಿಂದಿನ ಜಗಲಿಯ ಗೂಡಿನಲ್ಲಿತ್ತು ಎಂದೆ. ತಮ್ಮನ ನಗು ಅರ್ಧಕ್ಕೆ ಉಳಿಯಿತು. ಚೀಟಿಯಲ್ಲಿದ್ದ ಮೂರು ಪದಗಳನ್ನು ಹೇಳಿದೆ. ಅಮ್ಮ ಹಿಂದಿನ ದಿನ ಆಡಿದ ಮಾತನ್ನೂ ನಾನು ಡಬ್ಬಿಯನ್ನು ಏಕೆ ಕೈಗೆತ್ತಿಕೊಂಡೆ ಎಂಬುದನ್ನೂ ಹೇಳಿದೆ. ಶಕುಂತಲೆಯ ಅಪ್ಪ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಘಟ್ಟ ಇಳಿದದ್ದನ್ನೂ, ಮತ್ತೆಂದೂ ಬರಲಾಗದ್ದನ್ನೂ ಹೇಳಿದೆ. ಎಲ್ಲಿಯೂ ನಗಿಸುವ ಪ್ರಯತ್ನ ಮಾಡಲಿಲ್ಲ. ಹೇಳಿ ಮುಗಿದಾಗ ಮಗು ಚಮಚದಿಂದ ತಟ್ಟೆ ಬಡಿಯುತ್ತಿತ್ತು.

"ನಾನು ನೆಕ್ಕಿದ್ದು?" ಎಂದು ಪಲ್ಲವಿ ಕೇಳಿದಳು.

"ಅದು ನಿಜ," ಎಂದೆ.

ನಾನು ಶಕುಂತಲೆಯ ಕಡೆ ನೋಡಿದೆ. ಅವಳು ಗೋಡೆಗೆ ಒರಗಿ ಕುಳಿತಿದ್ದಳು. ನಗುತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಆ ಕಥೆಯ ಕೊನೆಗೆ ಅವಳ ಮುಖವನ್ನು ಅದರ ಸ್ವಂತ ರೂಪದಲ್ಲಿ ನಾನು ನೋಡಿದ್ದು ಅದೇ ಮೊದಲು.

ಮಂಗಳದ ದಿನ ಇದನ್ನು ಹೇಳಬೇಕಿತ್ತೇ ಎಂದು ಆಮೇಲೆ ಒಬ್ಬಿಬ್ಬರು ಗೊಣಗಿದರಂತೆ. ಸರಿಯಾದ ಮಾತೇ. ಆದರೆ ಸುಳ್ಳು ಹೇಳಿದ್ದೆಲ್ಲ ಮಂಗಳದ ದಿನಗಳಲ್ಲೇ ಆಗಿತ್ತು. ತಮ್ಮ ಬಸ್‌ಸ್ಟ್ಯಾಂಡಿನವರೆಗೆ ಬಂದ, ಚೀಲ ಹಿಡಿದುಕೊಂಡ, ಬಸ್ಸು ಬರುತ್ತಲೇ ಅದನ್ನು ಕೈಗಿಟ್ಟು ಹೊರಟುಹೋದ. ಪಲ್ಲವಿ ಪ್ರತಿ ಭಾನುವಾರ ಹತ್ತು ಗಂಟೆಗೆ ಫೋನ್ ಮಾಡುವವಳು, ಮೂರು ಭಾನುವಾರಗಳಿಂದ ಮಾಡಿಲ್ಲ. ನಾನು ಹತ್ತಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ, ಹತ್ತೂವರೆಗೆ ಏಳುತ್ತೇನೆ. ಅವಳ ಅಜ್ಜ ತಂದದ್ದರಲ್ಲಿ ಅವಳಿಗೂ ಪಾಲಿತ್ತು. ಕೋಪಕ್ಕೆ ಅವಳಿಗೆ ಹಕ್ಕಿದೆ.

ಈಗ ಬಾಟಲಿಯ ತಳದಲ್ಲಿ ಎರಡು ಚಮಚದಷ್ಟು ಉಳಿದಿದೆ. ಇನ್ನೊಂದು ಬಾಟಲಿ ಕಳಿಸುತ್ತೇನೆ ಎಂದು ಪಲ್ಲವಿ ಹೇಳಿದ್ದಳು. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಬೆಳಿಗ್ಗೆ ಚಮಚ ಬಾಯಿಗಿಟ್ಟುಕೊಂಡು ಮುಂಬಾಗಿಲಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಪ್ರತಿ ವರ್ಷದ ಎಣ್ಣೆ ಕುಡಿದು ಅದು ಕಪ್ಪಗೆ, ಗಟ್ಟಿಯಾಗಿದೆ. ಅಷ್ಟು ಪದರಗಳ ಕೆಳಗೆಲ್ಲೋ ನವಲಗುಂದದ ಒಂದು ಹೊಲದ ಅಗಸೆ ಇದೆ. ಅದನ್ನು ತೆಗೆದುಕೊಡಲು ಬರುವುದಿಲ್ಲ.

ಮೊನ್ನೆ ತಮ್ಮ ಬಂದಿದ್ದ. ಒಳಗೆ ಬರಲಿಲ್ಲ. ಕೆಲಸವಿದೆ ಎಂದು ಹೊಸ್ತಿಲಿನಲ್ಲೇ ಒಂದು ಗಾಜಿನ ಭರಣಿ ಕೊಟ್ಟು ಹೋದ. ಹೊಸದಾಗಿ ಕುಟ್ಟಿದ ಅಗಸೆ ಪುಡಿ. ಬೆಳ್ಳುಳ್ಳಿಯ ಘಮ ಮುಚ್ಚಳದ ಹೊರಗೂ ಬರುತ್ತಿತ್ತು. ಭರಣಿಯ ಕುತ್ತಿಗೆಗೆ ಬಿಳಿಯ ದಾರದಲ್ಲಿ ಒಂದು ಚೀಟಿ. "ಅಕ್ಕಾರಿಗೆ. ಊಟಕ್ಕ."

ಹನ್ನೆರಡೂವರೆಗೆ ಉಂಡೆ. ಕ್ಯಾಲೆಂಡರಿನಲ್ಲಿ ಗೀಟು ಎಳೆಯಲಿಲ್ಲ. ಭರಣಿಯನ್ನು ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆಯ ಜಾಗದಲ್ಲಿ ಇಟ್ಟೆ, ಎಣ್ಣೆಯ ಡಬ್ಬಿಯನ್ನು ನಾನೇ ಪಕ್ಕಕ್ಕೆ ಸರಿಸಿ. ಕೈ ಅಭ್ಯಾಸಬಲದಿಂದ ದಾರದ ಗಂಟಿನವರೆಗೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಚೀಟಿ ಅಲ್ಲಿಯೇ ಇದೆ.